ಬಾಬುರಾಯನಕೊಪ್ಪಲಿನಲ್ಲಿ ತಯಾರಾದ ಮುಂದಿನ ಕಾಲದ ಕಾರು

ಕಾರಿನ ವಿಷಯ ಹೇಳಲು ಕಾರು ಬಲ್ಲವರೇ ಬೇಕು. ಸ್ಟೇರಿಂಗು ಹಿಡಿದೇ ಗೊತ್ತಿಲ್ಲದ ಕೈ ಇದನ್ನು ಬರೆಯುತ್ತಿರುವುದಕ್ಕೆ ಓದುವವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಎಲ್ಲಾದರೂ ತಪ್ಪಿದ್ದರೆ ಅದು ಬರೆದ ಕೈಯದು, ಧರ್ಮೇಂದ್ರನದಲ್ಲ.

ಬಾಬುರಾಯನಕೊಪ್ಪಲಿನಲ್ಲಿ ಧರ್ಮೇಂದ್ರನದು ಫೈಬರ್ ಕೆಲಸದ ಶೆಡ್ಡು. ಇಪ್ಪತ್ತೆರಡು ವರ್ಷದಿಂದ ಅವನು ಮಾಡಿದ್ದೆಲ್ಲ ಹತ್ತು ದಿನ ಬಾಳುವ ಸಾಮಾನು. ದಸರಾ ಸ್ತಬ್ಧಚಿತ್ರಕ್ಕೆ ಹುಲಿ, ಗಣಪತಿ ಪೆಂಡಾಲಿಗೆ ಐದು ಹೆಡೆಯ ಹಾವು, ಬೆಲ್ಲದ ವ್ಯಾಪಾರಿಯೊಬ್ಬರ ಅಂಗಡಿ ಉದ್ಘಾಟನೆಗೆ ಆಳೆತ್ತರದ ಬೆಲ್ಲದಚ್ಚು. ಕಾರ್ಯ ಮುಗಿದ ಮೇಲೆ ಅವೆಲ್ಲ ಯಾವುದೋ ಸಮುದಾಯ ಭವನದ ಹಿಂದೆ ಬಿದ್ದು ಬಿಸಿಲಿಗೆ ಬಿರಿಯುತ್ತಿದ್ದವು. ಪಾಂಡವಪುರದಲ್ಲಿ ಅವನ ಹುಲಿಯೊಂದು ಬಾಯಿ ತೆರೆದುಕೊಂಡು ಬಿದ್ದಿದೆ, ಆ ಬಾಯೊಳಗೆ ನಾಯಿ ಮರಿ ಹಾಕಿದೆ. ಆ ದಾರಿಯಲ್ಲಿ ಹೋಗುವಾಗ ಧರ್ಮೇಂದ್ರ ಬೇರೆ ಕಡೆ ಮುಖ ತಿರುಗಿಸುತ್ತಾನೆ. ತನ್ನ ಕೈಯಿಂದಾದ ಒಂದೇ ಒಂದು ಆಕಾರ ರಸ್ತೆಯ ಮೇಲೆ ಓಡಾಡಿಕೊಂಡಿರಬೇಕು, ಜನ ಅದನ್ನು ಬಳಸಬೇಕು ಎನ್ನುವುದು ಅವನ ಆಸೆ. ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ಬೆಂಗಳೂರಿನಿಂದ ಚೈತನ್ಯ ಎಂಬಾತ ಬಂದ. ಕಾರು ಕಂಪನಿಗಳಿಗೆ ಕಾರಿನ ರೂಪ ಬರೆದುಕೊಡುವುದು ಅವನ ಉದ್ಯೋಗ. ದೆಹಲಿಯ ಪ್ರದರ್ಶನದಲ್ಲಿಡಲು ಕಂಪನಿಯೊಂದಕ್ಕೆ ಕಾನ್ಸೆಪ್ಟ್ ಕಾರು ಬೇಕಾಗಿತ್ತು. ಮುಂದಿನ ಕಾಲದಲ್ಲಿ ನಾವು ಇಂಥದ್ದು ಮಾಡುತ್ತೇವೆ ಎಂದು ಜನರಿಗೆ ತೋರಿಸುವ, ಪೂರ್ತಿ ಅಳತೆಯ ಮಾದರಿ ಅದು. ದೊಡ್ಡ ಊರಿನ ಶೆಡ್ಡುಗಳಲ್ಲಿ ಪುರಸೊತ್ತಿರಲಿಲ್ಲವಂತೆ. ಅವನು ತಂದ ಚಿತ್ರದಲ್ಲಿ ಕಾರು ಹೊಳೆಯೊಳಗಿನ ನುಣ್ಣನೆಯ ಕಲ್ಲಿನ ಹಾಗಿತ್ತು.

"ಕನ್ನಡಿ ಎಲ್ಲಿ ಸಾ?" ಎಂದ ಧರ್ಮೇಂದ್ರ.

"ಕನ್ನಡಿ ಇರಲ್ಲ. ಕ್ಯಾಮೆರಾ ಇರುತ್ತೆ."

"ಕ್ಯಾಮೆರಾ ಎಲ್ಲಿ ಸಾ?"

"ಅದು ಆಮೇಲೆ ಬರುತ್ತೆ."

"ಸ್ಟೇರಿಂಗು?"

"ಬೇಕಾಗಲ್ಲ. ಕಾರೇ ತನ್ನನ್ನ ತಾನು ಓಡಿಸಿಕೊಳ್ಳುತ್ತೆ."

"ಇಂಜಿನ್ನು ಸಾ?"

"ಧರ್ಮೇಂದ್ರ ಅವರೇ, ಈಗ ಇದು ಒಂದು ಆಲೋಚನೆ ಅಷ್ಟೆ."

ಆಲೋಚನೆಯ ಮೇಲೆ ಎಷ್ಟು ಪದರ ಫೈಬರ್ ಹಾಕಬೇಕೆಂದು ಧರ್ಮೇಂದ್ರನಿಗೆ ತಿಳಿಯಲಿಲ್ಲ. ಆದರೂ ಕೇಳಬೇಕಾದ್ದನ್ನು ಕೇಳಿದ. "ಇದು ನಿಜವಾಗ್ಲೂ ರೋಡಿಗೆ ಬತ್ತದಾ ಸಾ?"

ಚೈತನ್ಯ ದೂರದ ಕರಿಘಟ್ಟದ ಬೆಟ್ಟದ ಕಡೆ ನೋಡಿದ. "ಇನ್ನೆರಡು ವರ್ಷಕ್ಕೆ," ಎಂದ.

ಅದು ಅವನು ಬರೆದ ಹನ್ನೊಂದನೆಯ ಕಾರು ಎಂಬುದು ಆಮೇಲೆ ತಿಳಿಯಿತು. ಹಿಂದಿನ ಹತ್ತೂ ಎರಡೆರಡು ವರ್ಷಕ್ಕೇ ಬರಬೇಕಾಗಿದ್ದವು.

ಮೂರು ತಿಂಗಳು ಧರ್ಮೇಂದ್ರ ಬೇರೆ ಕೆಲಸ ಮುಟ್ಟಲಿಲ್ಲ. ಹುಲಿಯ ಮೂಗು ಅರ್ಧ ಇಂಚು ಆಚೀಚೆಯಾದರೆ ಯಾರೂ ಕೇಳುವುದಿಲ್ಲ, ರಸ್ತೆಗೆ ಬರುವ ಕಾರು ಹಾಗಲ್ಲ ಎಂದು ಮೊದಲು ಅಚ್ಚು ಮಾಡಿ, ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ, ಬೆರಳಿನ ಗೆರೆ ಸವೆದು ಆಧಾರ್ ಯಂತ್ರ ಅವನನ್ನು ಗುರುತಿಸದ ಹಾಗಾಯಿತು. ಕಾರು ಲಾರಿ ಹತ್ತುವ ದಿನ ಅವನ ತಾಯಿ ಕುಳ್ಳಮ್ಮ ಕುಂಕುಮ, ಹೂವು, ನಾಲ್ಕು ನಿಂಬೆಹಣ್ಣು ಹಿಡಿದು ಬಂದಳು.

"ಅವ್ವ, ಇದು ಗಾಡಿಯಲ್ಲ, ಮಾದರಿ."

"ಚಕ್ರ ಅವೆ ತಾನೇ?"

"ಅವೆ. ತಿರುಗಾಕಿಲ್ಲ."

"ನೀನು ಸುಮ್ನಿರ್ಲಾ. ಚಕ್ರ ಇರೋದಕ್ಕೆಲ್ಲ ಪೂಜೆ ಆಗ್ಬೇಕು."

ಹೊಸ ಗಾಡಿ ಚಕ್ರದಡಿಯ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿಯೇ ಹೊರಡಬೇಕು. ತಿರುಗದ ಚಕ್ರ ಹೇಗೆ ಮಾಡೀತು? ಕೊನೆಗೆ ಆರು ಜನ ಕಾರನ್ನೇ ಎತ್ತಿ ಹಣ್ಣಿನ ಮೇಲೆ ಇಳಿಸಿದರು. ಮೂರು ಅಪ್ಪಚ್ಚಿಯಾದವು. ನಾಲ್ಕನೆಯದು ಉರುಳಿ ಚೈತನ್ಯನ ಬೂಟಿನ ಬಳಿ ನಿಂತಿತು. ಅವನೇ ಅದನ್ನು ಎತ್ತಿಕೊಟ್ಟ.

ದೆಹಲಿಯಲ್ಲಿ ಜನ ಮುಗಿಬಿದ್ದು ಫೋಟೋ ತೆಗೆದುಕೊಂಡರು. ಎಂಟು ತಿಂಗಳ ಮೇಲೆ ಕಂಪನಿ ನಿಜವಾಗಿ ತಯಾರಾಗಲಿರುವ ಕಾರಿನ ಚಿತ್ರ ಬಿಟ್ಟಿತು. ಧರ್ಮೇಂದ್ರನ ಮಗಳು, ಪಾಂಡವಪುರದಲ್ಲಿ ಬಿ.ಕಾಂ. ಓದುತ್ತಿದ್ದ ಸ್ನೇಹ, ಫೋನನ್ನು ಆಚೆ ಈಚೆ ತಿರುಗಿಸಿ ನೋಡಿದಳು.

"ಅಪ್ಪಾಜಿ, ಇದು ಎದುರುಮನೆಯೋರ ಕಾರಿದ್ದಂಗೇ ಅದೆ."

"ಸರಿಯಾಗಿ ನೋಡವ್ವ. ಏನೂ ಉಳಿದಿಲ್ವಾ?"

"ಬಣ್ಣ ಉಳಿದದೆ. ಅದೂ ಜಾಸ್ತಿ ಬೆಲೆಯ ಮಾಡೆಲ್ಲಿಗೆ ಮಾತ್ರ ಅಂತೆ."

ಆ ವಾರವೇ ಲಾರಿಯಲ್ಲಿ ಮಾದರಿ ಕಾರು ವಾಪಸ್ಸು ಬಂತು. ಜೊತೆಗೊಂದು ಕಾಗದ. ಅವನು ಮೊದಲೇ ಸಹಿ ಹಾಕಿದ್ದ ಕರಾರಿನ ಪ್ರಕಾರ, ಮಾದರಿಯನ್ನು ಮಾಡಿದವನೇ ಅದನ್ನು ತುಂಡು ಮಾಡಿ, ತುಂಡುಗಳ ಫೋಟೋ ಕಳಿಸಬೇಕಿತ್ತು. ಕಂಪನಿಯ ಆಲೋಚನೆ ಬೇರೆಯವರ ಕೈಗೆ ಸಿಗಬಾರದಂತೆ. ಕಂಪನಿಗೇ ಬೇಡವಾದ ಆಲೋಚನೆ ಇನ್ಯಾರಿಗೆ ಬೇಕು ಎಂದುಕೊಳ್ಳುವಾಗಲೇ ನಾಗಮಂಗಲದ ಶಿವಲಿಂಗಯ್ಯ ಬಂದ. ಮದುವೆ ಮೆರವಣಿಗೆಗೆ ಅಲಂಕಾರದ ಗಾಡಿ ಬಾಡಿಗೆಗೆ ಕೊಡುವವನು. ಟ್ರೇಲರಿನ ಮೇಲೆ ಕೂರಿಸಲು ಹಂಸ ಮಾಡಿಸೋಣವೆಂದು ಬಂದವನು ಕಾರನ್ನು ಮೂರು ಸುತ್ತು ಸುತ್ತಿದ.

"ಲೇ ಧರ್ಮ, ಅಂಸ ಬ್ಯಾಡ ಕಣ್ಲಾ. ಇದ್ನೇ ಕೊಟ್ಬುಡು."

"ಆಗಾಕಿಲ್ಲ ಕಣಣ್ಣ. ಕುಯ್ದಾಕ್ತೀನಿ ಅಂತ ಸೈನ್ ಮಾಡಿವ್ನಿ."

"ಇಂಜಿನ್ ಅದಾ?"

"ಇಲ್ಲ."

"ಒಳ್ಳೇದೇ ಆಯ್ತು. ಟ್ರಾಕ್ಟರಿಗದೆ. ಮದುವೆ ಗಂಡು ಏನು ಡ್ರೈವಿಂಗ್ ಮಾಡಾಕೆ ಕೂತ್ಕತನಾ?"

ಧರ್ಮೇಂದ್ರ ಕೊಡಲಿಲ್ಲ. ಸಹಿ ಅಂದರೆ ಸಹಿ. ಮಾರನೆಯ ದಿನ ಬೆಳಿಗ್ಗೆ ಕಟರ್ ಹಿಡಿದು ನಿಂತ. ಪೂಜೆಯಾದ ಗಾಡಿಗೆ ಗರಗಸ ಇಡಬಾರದೆಂದು ಕುಳ್ಳಮ್ಮ ಒದ್ದೆ ಬಟ್ಟೆಯಲ್ಲಿ ಹಳೆಯ ಕುಂಕುಮ ಒರೆಸಿ, "ತಪ್ಪಾಯ್ತು ಕಣಪ್ಪ, ಒಟ್ಟೆಪಾಡು ಅಂತ ಕೇಳ್ಕಳ್ಳಾ," ಎಂದಳು. ಅವನು ಕೈಮುಗಿದು ಕೇಳಿಕೊಂಡ. ಇಪ್ಪತ್ತೊಂದು ತುಂಡು ಮಾಡಿದ. ಫೋಟೋ ಕಳಿಸಿದ. ಕಂಪನಿಯಿಂದ ಹೆಬ್ಬೆರಳು ಎತ್ತಿದ ಚಿತ್ರವೊಂದು ಬಂತು.

ಅಷ್ಟಾದ ಮೇಲೆ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿದ್ದ ಅಚ್ಚು ಅವನ ಕಣ್ಣಿಗೆ ಬಿತ್ತು. ಕಾರು ಇಳಿದು ಬಂದದ್ದು ಅದರೊಳಗಿನಿಂದಲೇ. ಅದು ಇರುವ ತನಕ ಅಂಥ ಕಾರು ಎಷ್ಟು ಬೇಕಾದರೂ ಆಗುತ್ತದೆ. ಹುಲಿಯ ಅಚ್ಚನ್ನೂ ಎಸೆಯದೆ ಇಟ್ಟುಕೊಳ್ಳುವ ಕಸುಬಿನವನಿಗೆ ಅದನ್ನು ಒಡೆಯುವ ಯೋಚನೆಯೇ ಬಂದಿರಲಿಲ್ಲ. ಸ್ನೇಹಳಿಂದ ಕರಾರನ್ನು ಮೂರು ಸಲ ಓದಿಸಿದ.

"ಮಾದರಿ ಅಂತ ಅದೆ ಅಪ್ಪಾಜಿ. ಅಚ್ಚಿನ ಸುದ್ದಿನೇ ಇಲ್ಲ. ಪ್ಯಾಟೆಯೋರಿಗೆ ಅಚ್ಚು ಅಂತ ಒಂದಿರ್ತದೆ ಅಂತ್ಲೇ ಗೊತ್ತಿಲ್ವೇನೋ."

"ಬರೀದಿದ್ದರೆ ಬ್ಯಾಡ ಅಂತ ಅರ್ತವಾ, ಮಾಡ್ಕೋ ಅಂತ ಅರ್ತವಾ?"

"ಅದು ಲಾ ಓದೋರ್ನ ಕೇಳ್ಬೇಕು. ನಾನು ಬಿ.ಕಾಂ."

ಧರ್ಮೇಂದ್ರ ಚೈತನ್ಯನಿಗೆ ಸಂದೇಶ ಕಳಿಸಿದ. 'ಸಾರ್, ಅಚ್ಚು ಇದೆ. ಅದನ್ನೂ ಒಡೆಯಬೇಕಾ?' ಓದಿದ ಗುರುತು ನೀಲಿಯಾಯಿತು. ಉತ್ತರ ಬರಲಿಲ್ಲ. ನಾಲ್ಕು ದಿನ ಕಾದ. ಕರೆ ಮಾಡಿದರೂ ಎತ್ತಲಿಲ್ಲ.

"ಬ್ಯಾಡ ಅನ್ನಲಿಲ್ವಲ್ಲಾ," ಎಂದ ಶಿವಲಿಂಗಯ್ಯ.

"ಊಂ ಅಂತಾನೂ ಅನ್ನಲಿಲ್ವಲ್ಲಣ್ಣ."

"ನಮ್ಮೂರಲ್ಲಿ ಎಣ್ಣು ಸುಮ್ನಿದ್ರೆ ಒಪ್ಪಿಗೆ ಅಂತಾನೇ ಲೆಕ್ಕ. ಲಗ್ನದ ಕಾಲ ಹತ್ರ ಬಂತು, ಸುರು ಮಾಡು."

ಐದನೆಯ ದಿನ ಧರ್ಮೇಂದ್ರ ಹೊಸ ಕಾರು ತೆಗೆಯಲು ಅಚ್ಚಿಗೆ ಮೇಣ ಸವರಿದ. ಮಾಡುತ್ತ ಹೋದಂತೆ ತನಗೆ ಸರಿ ಕಂಡದ್ದನ್ನೆಲ್ಲ ತಿದ್ದಿದ. ಮದುವೆ ಹೆಣ್ಣು ಸೀರೆ ಎತ್ತಿ ಹಿಡಿಯದೆ ಹತ್ತುವಂತೆ ಒಂದು ಮೆಟ್ಟಿಲು, ಪೇಟ ತಗಲದಂತೆ ಚಾವಣಿಯಲ್ಲಿ ಕಿಂಡಿ, ಕ್ಯಾಮೆರಾ ಇರಬೇಕಾದಲ್ಲಿ ಊದಿನಕಡ್ಡಿ ಸ್ಟ್ಯಾಂಡು. ಮಾಘದಲ್ಲಿ ಅದು ನಾಗಮಂಗಲದ ಬಸ್‌ಸ್ಟ್ಯಾಂಡಿನ ಮುಂದೆ ತಮಟೆಯವರ ಹಿಂದೆ, ನಡೆಯುವ ಮನುಷ್ಯನಿಗಿಂತ ನಿಧಾನವಾಗಿ, ಟ್ರಾಕ್ಟರಿನ ಬೆನ್ನಿಗೆ ಹೊರಟಿತು. ಸ್ಟೇರಿಂಗಿಲ್ಲ, ಕನ್ನಡಿಯಿಲ್ಲ, ಒಳಗಿದ್ದ ಯಾರೂ ಓಡಿಸುತ್ತಿರಲಿಲ್ಲ. ಚೈತನ್ಯ ಹೇಳಿದ್ದೆಲ್ಲ ಅಕ್ಷರಶಃ ನಿಜವಾಗಿತ್ತು. ಬೆಂಗಳೂರು ಬಸ್ಸಿನವರು ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು. ಧರ್ಮೇಂದ್ರ ಎಳನೀರು ಅಂಗಡಿಯ ಪಕ್ಕ ನಿಂತು, ಸಂತೋಷವಾಗುತ್ತಿದೆಯೋ ಹೆದರಿಕೆಯಾಗುತ್ತಿದೆಯೋ ಗೊತ್ತಾಗದೆ, ಎಳನೀರು ಕುಡಿಯುವುದನ್ನೇ ಮರೆತ.

ಕೆ.ಆರ್. ಪೇಟೆಯವರು ಒಂದು ಬೇಕೆಂದರು. ಪಾಂಡವಪುರದವರು ಎರಡು ಕೇಳಿದರು. ಕಂಪನಿಯ ಕಾರು ಇನ್ನೂ ಅಂಗಡಿಗೆ ಬರುವ ಮೊದಲೇ ಬಾಬುರಾಯನಕೊಪ್ಪಲಿನಿಂದ ನಾಲ್ಕು ಹೊರಬಿದ್ದಿದ್ದವು. ಮೆರವಣಿಗೆಯ ವಿಡಿಯೋ ಊರೂರು ಸುತ್ತಿತು.

ಒಂದು ಮಧ್ಯಾಹ್ನ ಚೈತನ್ಯನ ಕರೆ ಬಂತು. ಧರ್ಮೇಂದ್ರ ಕೈಯ ಕಟರ್ ಕೆಳಗಿಟ್ಟ. ಸ್ನೇಹಳನ್ನು ಹತ್ತಿರ ಕರೆದು ನಿಲ್ಲಿಸಿಕೊಂಡು ಎತ್ತಿದ.

"ವಿಡಿಯೋ ನೋಡಿದೆ," ಎಂದಿತು ಆ ಕಡೆಯ ದನಿ.

"ಸಾ, ನಾನು ಕೇಳಿದ್ದೆ ಸಾ. ಮೆಸೇಜು ಆಕಿದ್ದೆ. ನಾಲ್ಕು ದಿನ ಕಾದೆ..."

"ಅದರೊಳಗೆ ಜನ ಕೂತಿದ್ದರಾ?"

"ಆಂ?"

"ನಿಜವಾಗಿ, ಒಳಗೆ? ನಾನು ಬರೆದ ಯಾವ ಕಾರಲ್ಲೂ ಇದುವರೆಗೆ ಯಾರೂ ಕೂತಿಲ್ಲ."

"ಕೂತಿದ್ರು ಸಾ. ಗಂಡು, ಎಣ್ಣು, ಸೋದರಮಾವ, ಮೂರು ಮಕ್ಳು. ಕಳಸಗಿತ್ತಿ ಒಬ್ಬಳು."

"ಕಾಲು ತಗಲಲಿಲ್ಲವಾ?"

"ತಗಲ್ತಿತ್ತು ಸಾ. ನಾಲ್ಕಿಂಚು ಎತ್ತರಿಸ್ದೆ."

ಆ ಕಡೆಯಿಂದ ಒಂದು ಸದ್ದು ಬಂತು. ಧರ್ಮೇಂದ್ರನಿಗೆ ಅದು ನಗೆ ಅನ್ನಿಸಿತು, ಪಕ್ಕದಲ್ಲಿ ಕಿವಿಗೊಟ್ಟಿದ್ದ ಸ್ನೇಹಳಿಗೆ ಹಾಗನ್ನಿಸಲಿಲ್ಲ. ಅಷ್ಟರಲ್ಲಿ ಲೈನು ಹೋಯಿತು.

ಚೈತನ್ಯನೇ ಇಟ್ಟನೋ, ಟವರು ಹೋಯಿತೋ ತಿಳಿಯದು. ಅವನು ಮತ್ತೆ ಮಾಡಲಿಲ್ಲ, ಇವನಿಗೆ ಮಾಡುವ ಧೈರ್ಯವಿಲ್ಲ. ಕಂಪನಿಯ ನೋಟೀಸು ಈವರೆಗೆ ಬಂದಿಲ್ಲ. ಪೋಸ್ಟ್‌ಮ್ಯಾನ್ ಬಂದಾಗೆಲ್ಲ ಧರ್ಮೇಂದ್ರ ಕಟರ್ ನಿಲ್ಲಿಸಿ ಎದ್ದು ನಿಲ್ಲುತ್ತಾನೆ. ಮಾಡಿದ್ದು ತಪ್ಪೋ ಸರಿಯೋ ಅವನಿಗೆ ಗೊತ್ತಿಲ್ಲ. ಇದನ್ನು ಬರೆದ ಕೈಗೂ ಗೊತ್ತಿಲ್ಲ.