ಗೇರ್ ಬಾಕ್ಸಿನೊಳಗಿನ ನೀರು

ಆಲಮೇಲ ದಾಟಿ ಕಾಲುವೆಯ ದಾರಿಗೆ ಇಳಿಯುವಷ್ಟರಲ್ಲಿ ಭಾಗ್ಯಾಳ ಕಾರಿನ ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ಇದೇನೂ ಹೊಸದಲ್ಲ. ದೀಪಾವಳಿಯಿಂದಲೂ ರೇಡಿಯೇಟರ್ ಸೋರುತ್ತಿತ್ತು. ಅವಳು ಹಿಂದಿನ ಸೀಟಿನ ಬುಡದಲ್ಲಿ ನೀರಿನ ಕ್ಯಾನ್ ಇಟ್ಟುಕೊಂಡೇ ಹೊರಡುತ್ತಿದ್ದಳು. ಅದು ಮುಗಿದರೆ ಹೋದ ಮನೆಯಲ್ಲಿ ಒಂದು ಕೊಡ ಕೇಳಿ ತುಂಬಿಸಿಕೊಳ್ಳುತ್ತಿದ್ದಳು. ಅಂದು ಮಾತ್ರ ಸುರಿದ ನೀರು ಸುರಿದಂತೆಯೇ ಕೆಳಗೆ ಧಾರೆಯಾಗಿ ಇಳಿದು ಕರಿಮಣ್ಣಿನಲ್ಲಿ ಇಂಗಿಹೋಯಿತು.

ಭಾಗ್ಯಾ ಸಿಂದಗಿಯವಳು. ಮಲಗಿದಲ್ಲಿಂದ ಎದ್ದು ಶಾಲೆಗೆ ಬರಲಾರದ ಮಕ್ಕಳಿಗೆ ಅವರ ಮನೆಗೇ ಹೋಗಿ ಕಲಿಸುವ ಶಿಕ್ಷಕಿ. ಕಲಿಸುವುದೆಂದರೆ ಅಕ್ಷರವಲ್ಲ. ಕತ್ತು ನಿಲ್ಲಿಸುವುದು, ಕೂರುವುದು, ತುತ್ತು ಬಾಯಿಗೆ ಒಯ್ಯುವುದು. ಅವಳ ಎಡಗಾಲನ್ನು ಚಿಕ್ಕಂದಿನಲ್ಲೇ ಪೋಲಿಯೊ ಒಣಗಿಸಿತ್ತು. ಕಬ್ಬಿಣದ ಪಟ್ಟಿ ಕಟ್ಟಿದ ಬೂಟು ಹಾಕಿಕೊಂಡು, ತೊಡೆಯ ಮೇಲೆ ಕೈಯೂರಿ ನಡೆಯುತ್ತಿದ್ದಳು. ಮೊದಲು ಮೂರು ಗಾಲಿಯ ಸ್ಕೂಟರಿನಲ್ಲಿ ಓಡಾಡಿದ್ದಳು. ಒಂದು ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಅದು ಮಗುಚಿ ಸೊಂಟದ ಮೂಳೆ ಮುರಿಯಿತು. ಡಾಕ್ಟರು ಇನ್ನು ಸ್ಕೂಟರ್ ಮುಟ್ಟಬೇಡಿ ಎಂದರು. ಆಮೇಲೆ ವಿಜಯಪುರದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರ ಹಳೆಯ ಆಟೋಮ್ಯಾಟಿಕ್ ಕಾರು ಅವಳಿಗೆ ಸಿಕ್ಕಿತು. ಅದರಲ್ಲಿ ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವಿಲ್ಲ. ಬಸ್ಸು ಹೋಗದ ತೋಟದ ವಸ್ತಿಗಳಿಗೆ ಅವಳು ಹೋಗತೊಡಗಿದ್ದು ಆ ಕಾರು ಬಂದ ಮೇಲೆಯೇ.

ಅಂದು ಅವಳು ಹೊರಟಿದ್ದು ಕಾಳಪ್ಪನ ವಸ್ತಿಗೆ. ಕಬ್ಬಿನ ನಡುವೆ ಒಂದೇ ಮನೆ. ಅಲ್ಲಿ ಕಾಳಪ್ಪ, ಅವನ ಸೊಸೆ ಸುನೀತಾ, ಮೊಮ್ಮಗಳು ಪ್ರಿಯದರ್ಶಿನಿ ಇದ್ದರು. ಸುನೀತಾಳ ಗಂಡ ಹಂಗಾಮಿನ ತುಂಬ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತ ಸಕ್ಕರೆ ಫ್ಯಾಕ್ಟರಿಯ ಸಾಲಿನಲ್ಲೇ ಮಲಗೆದ್ದು ಬರುವವನು. ಪ್ರಿಯದರ್ಶಿನಿ ಹುಟ್ಟಿದಾಗ ಬಹಳ ಹೊತ್ತು ಅತ್ತಿರಲಿಲ್ಲವಂತೆ. ಒಂಬತ್ತು ವರ್ಷದ ಆ ಹುಡುಗಿಯ ಕೈಕಾಲು ಸೆಟೆದೇ ಇರುತ್ತಿದ್ದವು. ಭಾಗ್ಯಾ ಎರಡು ವರ್ಷ ಬಿಡದೆ ಹೋಗಿ ಅವಳ ಮೊಣಕಾಲು ತೀಡಿ, ಬೆನ್ನು ಗೋಡೆಗೆ ಆನಿಸಿ, ಬಿದ್ದರೆ ಎತ್ತಿ ಕೂರಿಸಿ, ಕೊನೆಗೆ ಯಾರೂ ಹಿಡಿಯದೆ ಕೂರುವಂತೆ ಮಾಡಿದ್ದಳು. ಹೋದ ತಿಂಗಳು ಆ ಹುಡುಗಿ ನುಚ್ಚು ತುಂಬಿದ ಚಮಚವನ್ನು ತಾನೇ ಬಾಯಿಗೆ ಒಯ್ದಿದ್ದಳು. ಅರ್ಧ ಎದೆಯ ಮೇಲೆ ಚೆಲ್ಲಿತ್ತು. ಸುನೀತಾ ಅದನ್ನು ಒರೆಸದೆ, ಮಾವನನ್ನು ಹೊಲದಿಂದ ಕೂಗಿ ಕರೆದು ತೋರಿಸಿದ್ದಳು.

ಭಾಗ್ಯಾ ಸಿಂದಗಿಯ ಮೆಕ್ಯಾನಿಕ್ ತಬ್ರೇಜನಿಗೆ ಫೋನ್ ಮಾಡಿದಳು.

"ಇಲ್ಲೇ ಒಂದ್ ಟ್ರ್ಯಾಕ್ಟರ್ ಐತಿ. ಕಟ್ಟಿ ಎಳಸ್ಕೊಂಡ್ ಬರ್ಲೇನು, ತಬ್ರೇಜಭಾಯಿ?"

"ಬ್ಯಾಡ್ರಿ ಮೇಡಂ. ಆಟೋಮ್ಯಾಟಿಕ್ ಗಾಡಿ ಹಂಗ ಎಳದ್ರ ಗೇರ್ ಬಾಕ್ಸ್ ಹಾಳಾಗ್ತೈತಿ. ಮುಂದಿನ ಗಾಲಿ ಎತ್ತಿ ತರಬೇಕು. ನಾನ ಬರ್ತೇನಿ, ನೀವು ಚಾಲೂ ಮಾಡಬ್ಯಾಡ್ರಿ."

ಅವನು ಪಿಕಪ್ ತಂದು, ಕಾರಿನ ಮುಂಭಾಗ ಎತ್ತಿ ಕಟ್ಟಿಕೊಂಡು ಹೋದ. ಅಂದು ವಸ್ತಿಗೆ ಹೋಗಲಾಗಲಿಲ್ಲ. ಕಾಳಪ್ಪ ರಸ್ತೆಯವರೆಗೆ ನಡೆದು ಬಂದು, ಖಾಲಿ ದಾರಿ ನೋಡಿ ವಾಪಸ್ ಹೋದನೆಂದು ಸುನೀತಾ ಸಂಜೆ ಫೋನಿನಲ್ಲಿ ಹೇಳಿದಳು.

ಆ ಮಾದರಿಯ ಕಾರು ತಯಾರಾಗುವುದು ನಿಂತು ವರ್ಷಗಳಾಗಿದ್ದವು. ತಬ್ರೇಜ ಸೊಲ್ಲಾಪುರದ ಅಂಗಡಿಗಳಿಗೆಲ್ಲ ಫೋನ್ ಮಾಡಿ, ಹೇಗೋ ಒಂದು ಹೊಸ ರೇಡಿಯೇಟರ್ ತರಿಸಿದ. ಅದು ಬಂದ ದಿನ ಭಾಗ್ಯಾ ಗ್ಯಾರೇಜಿನಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳು. ತಬ್ರೇಜ ಹಳೆಯ ನೀರು ಬಸಿದ, ರಬ್ಬರ್ ಪೈಪು ಕಳಚಿದ, ಫ್ಯಾನು ಬಿಚ್ಚಿ ರೇಡಿಯೇಟರನ್ನು ಹೊರಗೆಳೆದ. ಅದರ ಜಾಲರಿಯ ತುಂಬ ಕಬ್ಬಿನ ಒಣಗರಿಯ ರವದಿ, ಸತ್ತ ಹುಳ, ತುಕ್ಕು. ಹೊಸದನ್ನು ಕೂರಿಸಿ, ಪೈಪು ಬಿಗಿದು, ಹಸಿರು ಕೂಲಂಟ್ ತುಂಬಿ ಎಂಜಿನ್ ಚಾಲೂ ಮಾಡಿದಾಗ ಬಿಸಿ ತೋರಿಸುವ ಸೂಜಿ ನಡುವೆ ನಿಂತಿತು. ಕೆಳಗೆ ಒಂದು ಹನಿಯೂ ಬೀಳಲಿಲ್ಲ.

"ಆತು ಬಿಡ್ರಿ," ಎಂದ ತಬ್ರೇಜ. "ಗೇರ್ ಎಣ್ಣಿನೂ ಬದಲಿ ಮಾಡಿ ಕೊಡ್ತೇನಿ. ಯಾವಾಗ ಮಾಡಿಸಿದ್ರೋ ಏನೋ."

ಕಾರನ್ನು ಎತ್ತಿ, ಗೇರ್ ಬಾಕ್ಸಿನ ತಳದ ಬೋಲ್ಟನ್ನು ತೆಗೆದ. ಕೆಂಪಗೆ, ತೆಳ್ಳಗೆ ಬರಬೇಕಾದ ಎಣ್ಣೆ ಬರಲಿಲ್ಲ. ಗುಲಾಬಿ ಬಣ್ಣದ, ನೊರೆ ಕಟ್ಟಿದ, ಕೆನೆಹಾಲಿನಂಥ ದ್ರವ ಟ್ರೇಯೊಳಗೆ ನಿಧಾನವಾಗಿ ಇಳಿಯಿತು. ತಬ್ರೇಜ ಅದರಲ್ಲಿ ಬೆರಳದ್ದಿ ಉಜ್ಜಿ ನೋಡಿದ.

"ಏನಾತು?"

"ನೀರ್ ಹೋಗೇತ್ರಿ ಮೇಡಂ, ಗೇರ್ ಬಾಕ್ಸಿನೊಳಗ."

"ರೇಡಿಯೇಟರಿಗೂ ಗೇರಿಗೂ ಏನ್ ಸಂಬಂಧ?"

ಅವನು ಹಳೆಯ ರೇಡಿಯೇಟರನ್ನು ತಂದು ತೋರಿಸಿದ. ಅದರ ಕೆಳತೊಟ್ಟಿಯೊಳಗೆ ಇನ್ನೊಂದು ಸಣ್ಣ ಕೊಳವೆ. ಗೇರಿನ ಎಣ್ಣೆ ತಣ್ಣಗಾಗಲು ಅದರೊಳಗೆ ಹರಿದು ಬರುತ್ತದೆ, ಸುತ್ತ ನೀರು ಇರುತ್ತದೆ. ಆ ಕೊಳವೆಯೂ ತೂತಾಗಿತ್ತು.

"ಹೊರಗ ಸೋರಿದ್ದು ನಮಗ ಕಾಣಸ್ತು. ಒಳಗ ಸೋರಿದ್ದು ಕಾಣಲಿಲ್ಲ. ನೀವು ಹಾಕಿದ ನೀರು ಅಷ್ಟಿಷ್ಟ ಇದರಾಗ ಹೊಂಟಿತ್ತು."

"ಹಾಕಬಾರದಿತ್ತೇನು?"

ತಬ್ರೇಜ ಬೆರಳನ್ನು ಬಟ್ಟೆಗೆ ಒರೆಸಿಕೊಂಡ. "ಹಾಕಲಿಲ್ಲಂದ್ರ ಎಂಜಿನ್ ಸುಡತಿತ್ತು," ಎಂದ. "ಗಾಡಿ ನಿಲ್ಲಸಬೇಕಿತ್ರಿ."

ನಿಲ್ಲಿಸಿದ್ದರೆ ಪ್ರಿಯದರ್ಶಿನಿಯ ಚಮಚ ಬಾಯಿಗೆ ಹೋಗುತ್ತಿರಲಿಲ್ಲ ಎಂಬುದು ಭಾಗ್ಯಾಳ ಮನಸ್ಸಿಗೆ ಬಂತು.

ತಬ್ರೇಜ ಹುಬ್ಬಳ್ಳಿಯಲ್ಲಿದ್ದ, ತನಗೆ ಕೆಲಸ ಕಲಿಸಿದ ಉಸ್ತಾದನನ್ನು ಫೋನಿನಲ್ಲಿ ಕೇಳಿದ. ತೊಳೆದು ನೋಡು, ಆದರೆ ಆಸೆ ಇಟ್ಟುಕೊಳ್ಳಬೇಡ ಎಂದನಂತೆ ಉಸ್ತಾದ. ಗೇರ್ ಬಾಕ್ಸಿನೊಳಗೆ ಎಂಜಿನ್ನಿನ ಬಲವನ್ನು ಗಾಲಿಗೆ ದಾಟಿಸುವ, ಒಂದರ ಮೇಲೊಂದು ಕೂತ ತೆಳು ಬಿಲ್ಲೆಗಳಿರುತ್ತವೆ. ಅವುಗಳಿಗೆ ಅಂಟಿಸಿದ ಪದರ ನೀರು ಕುಡಿದರೆ ಎದ್ದುಬಿಡುತ್ತದೆ. ತಬ್ರೇಜ ತಳ ಬಿಚ್ಚಿ ಒರೆಸಿದ, ಹೊಸ ಫಿಲ್ಟರ್ ಹಾಕಿದ, ಹೊಸ ಎಣ್ಣೆ ತುಂಬಿ ಓಡಿಸಿ ಮತ್ತೆ ಬಸಿದ. ಗುಲಾಬಿ ಬಣ್ಣ ತಿಳಿಯಾಗುವವರೆಗೂ ಬಸಿದು ತುಂಬುತ್ತಲೇ ಇದ್ದ. ಕೊನೆಗೆ ಎಣ್ಣೆ ಕೆಂಪಗೇ ಬಂತು.

ಇಂಡಿ ರಸ್ತೆಯಲ್ಲಿ ಭಾಗ್ಯಾ ಸ್ವತಃ ಓಡಿಸಿ ನೋಡಿದಳು. ಪಕ್ಕದಲ್ಲಿ ತಬ್ರೇಜ ಕಿವಿಗೊಟ್ಟು ಕೂತಿದ್ದ. ಗೇರುಗಳು ಒಂದೊಂದಾಗಿ ನಯವಾಗಿ ಬಿದ್ದವು. ತೊಗರಿ ಕೊಯ್ದ ಹೊಲಗಳ ಮೇಲೆ ಬಿಸಿಲು ಹರಡಿತ್ತು. ಭಾಗ್ಯಾ ನಕ್ಕಳು.

"ಉಳಕೊಂತು ನೋಡ್ರಿ ತಬ್ರೇಜಭಾಯಿ."

"ಹೌದ್ರಿ, ಈಗ ಚಲೋ ಐತಿ," ಎಂದ ಅವನು. "ಈಗ" ಎಂಬ ಮಾತನ್ನು ಅವಳು ಕೇಳಿಸಿಕೊಂಡರೂ ಹಿಡಿದು ನಿಲ್ಲಿಸಲಿಲ್ಲ.

ಮರುದಿನವೇ ಅವಳು ವಸ್ತಿಗೆ ಹೋದಳು. ನಡುವೆ ತಪ್ಪಿದ ದಿನಗಳಲ್ಲಿ ಪ್ರಿಯದರ್ಶಿನಿಯ ಮೊಣಕಾಲು ತುಸು ಬಿಗಿದಿದ್ದವು. ಅಷ್ಟೇನೂ ಅಲ್ಲ, ತೀಡಿದರೆ ಬಿಡುವಂಥದ್ದು. ಹುಡುಗಿ ಭಾಗ್ಯಾಳ ದನಿ ಕೇಳಿ ಗಂಟಲಲ್ಲೇ ಒಂದು ಸದ್ದು ಮಾಡಿದಳು, ಅದು ಅವಳ ನಗು. ಗೋಡೆಗೆ ಒರಗಿ ಕೂತು ಚಮಚ ಹಿಡಿದಳು. ಸುನೀತಾ ಚಹಾ ಕುಡಿಯದೆ ಕಳಿಸಲಿಲ್ಲ.

ಹೊರಡಲು ಭಾಗ್ಯಾ ಕಾರಿಗೆ ಕೂತು ಚಾಲೂ ಮಾಡಿ ಗೇರಿನ ಕೋಲನ್ನು ಎಳೆದಳು. ಕಾರು ಒಂದು ಮಾರು ಮುಂದೆ ಹೋಗಿ ನಿಂತಿತು. ಅವಳು ಬಲಗಾಲಿನಿಂದ ಒತ್ತಿದಳು. ಎಂಜಿನ್ ಕೂಗಿತು, ಗಾಲಿ ಕದಲಲಿಲ್ಲ. ಹಿಂದಕ್ಕೆ ಹಾಕಿದಳು, ಮುಂದಕ್ಕೆ ಹಾಕಿದಳು. ಸುಟ್ಟ ಎಣ್ಣೆಯ ವಾಸನೆ ಬಂತು. ಅವಳು ಕೀಲಿ ತಿರುಗಿಸಿ ಆರಿಸಿದಳು.

ಕಾಳಪ್ಪ ರೂಢಿಯಂತೆ ಕೊಡದಲ್ಲಿ ನೀರು ಹಿಡಿದು ಬಂದು ನಿಂತಿದ್ದ.

"ನೀರು ಬೇಕೇನ್ರಿ ಅಕ್ಕೋರ?"

"ಬ್ಯಾಡ್ರಿ ಅಜ್ಜಾರ. ಇದು ನೀರು ಕಡಿಮಿ ಆಗಿದ್ದಲ್ಲ, ಗೇರಿಂದು. ಗೇರಿನೊಳಗ ನೀರು ಹೋಗಿ ಕೆಟ್ಟೇತಿ."

ಕಾಳಪ್ಪ ಕೊಡವನ್ನು ಕೆಳಗಿಟ್ಟ. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ.

"ಪ್ರತಿ ಸಲ ನಾನ ಹಾಕಿದೆನಲ್ರಿ ನೀರು. ನನ್ನಿಂದ ಕೆಟ್ತೇನು?"

"ಇಲ್ರಿ ಅಜ್ಜಾರ," ಎಂದಳು ಭಾಗ್ಯಾ. "ಹಳೇ ಗಾಡಿ. ಅದರ ಕಾಲ ಮುಗದಿತ್ತು."

ಕಾಳಪ್ಪ ನಂಬಿದಂತೆ ಕಾಣಲಿಲ್ಲ. ನೀರನ್ನು ಬೇಲಿಯ ಬುಡಕ್ಕೆ ಚೆಲ್ಲಿ ಖಾಲಿ ಕೊಡ ಒಳಗೆ ಒಯ್ದ.

ತಬ್ರೇಜ ಮತ್ತೆ ಪಿಕಪ್ ತಂದ. ಗೇರ್ ಬಾಕ್ಸ್ ಇಳಿಸಿ ಹುಬ್ಬಳ್ಳಿಗೆ ಒಯ್ದ. ಉಸ್ತಾದ ಬಿಚ್ಚಿ ನೋಡಿದಾಗ ಬಿಲ್ಲೆಗಳ ಪದರವೆಲ್ಲ ಕಿತ್ತು ಹೋಗಿ ಕೆಸರಿನಂತೆ ತಳದಲ್ಲಿ ಕೂತಿತ್ತು. ಆ ಬಿಲ್ಲೆಗಳು ಎಲ್ಲೂ ಸಿಗಲಿಲ್ಲ. ಬೇರೊಂದು ಹಳೆಯ ಗೇರ್ ಬಾಕ್ಸಿಗಾಗಿ ತಬ್ರೇಜ ಸೊಲ್ಲಾಪುರದ ಗುಜರಿ ಅಂಗಡಿಗಳನ್ನು ತಾನೇ ಹೋಗಿ ಸುತ್ತಿದ. ಒಂದು ಸಿಕ್ಕಿತು, ತೆರೆದು ನೋಡಿದರೆ ಅದರಲ್ಲೂ ತುಕ್ಕು.

"ಇನ್ನೂ ನೋಡೂಣೇನು?" ಎಂದು ಭಾಗ್ಯಾ ಕೇಳಿದಳು.

"ನೋಡಂದ್ರ ನೋಡ್ತೇನ್ರಿ. ಖರೇ ಹೇಳಬೇಕಂದ್ರ ಸಿಗಾಂಗಿಲ್ಲ."

ಇನ್ನೊಂದು ಆಟೋಮ್ಯಾಟಿಕ್ ಕಾರು ಅವಳ ಕೈಗೆ ಎಟಕುವಂಥದ್ದಾಗಿರಲಿಲ್ಲ. ವಾಹನ ಕೊಡಿ ಎಂದು ಇಲಾಖೆಯ ಮೇಲಿನವರಲ್ಲಿ ವಿನಂತಿಸಿದಳು. ಅದಕ್ಕೆ ಅವಕಾಶವಿಲ್ಲ, ಪಾಲಕರೇ ಮಕ್ಕಳನ್ನು ಸಿಂದಗಿಯ ತರಬೇತಿ ಕೇಂದ್ರಕ್ಕೆ ಕರೆತರಲಿ ಎಂದರು. ಸುನೀತಾ ಒಮ್ಮೆ ತಂದಳು. ಒಂಬತ್ತು ವರ್ಷದ ಮಗಳನ್ನು ಬಗಲಲ್ಲಿ ಹೊತ್ತು ವಸ್ತಿಯಿಂದ ರಸ್ತೆಗೆ ನಡೆದು, ಆಲಮೇಲದಲ್ಲಿ ತುಂಬಿದ ಬಸ್ಸು ಹತ್ತಿದಳು. ಸೆಟೆದ ಕಾಲು ಜನರಿಗೆ ತಾಗಿದಾಗಲೆಲ್ಲ ಬೈಸಿಕೊಂಡಳು. ಸಿಂದಗಿ ಮುಟ್ಟುವಷ್ಟರಲ್ಲಿ ಹುಡುಗಿಗೆ ಫಿಟ್ಸ್ ಬಂದಿತ್ತು. ಆ ದಿನ ಕಲಿಕೆ ಏನೂ ಆಗಲಿಲ್ಲ, ದವಾಖಾನೆಯಲ್ಲೇ ಕಳೆಯಿತು. ಸುನೀತಾ ಮತ್ತೆ ಬರಲಿಲ್ಲ. ಬಾ ಎನ್ನುವ ಧೈರ್ಯ ಭಾಗ್ಯಾಳಿಗೂ ಆಗಲಿಲ್ಲ.

ಕೆಲವು ದಿನ ವಿಡಿಯೋ ಕಾಲ್ ಮಾಡಿ, ಹೀಗೆ ತೀಡು, ಹೀಗೆ ಕೂರಿಸು ಎಂದು ತೋರಿಸಿದಳು. ಸುನೀತಾಳ ಮುಖ ಅಲ್ಲಲ್ಲೇ ನಿಂತುಬಿಡುತ್ತಿತ್ತು, ದನಿ ಕಡಿದುಹೋಗುತ್ತಿತ್ತು. ಹೊಲದ ಕೆಲಸ ಜೋರಾದ ಮೇಲೆ ಫೋನ್ ಎತ್ತುವುದೂ ಕಡಿಮೆಯಾಯಿತು. ಬಾಡಿಗೆ ಗಾಡಿಗಳಲ್ಲಿ ಭಾಗ್ಯಾ ಆಗೊಮ್ಮೆ ಈಗೊಮ್ಮೆ ಹತ್ತಿರದ ಊರಿನ ಮಕ್ಕಳನ್ನು ನೋಡಿ ಬಂದಳು. ದೂರದ ವಸ್ತಿಗಳು ಒಂದೊಂದಾಗಿ ಬಿಟ್ಟುಹೋದವು.

ಬೇಸಿಗೆಯ ಒಂದು ಶುಕ್ರವಾರ ತಬ್ರೇಜ ತಾನಾಗಿಯೇ ಬಂದ. ಗ್ಯಾರೇಜಿಗೆ ಅಂದು ರಜೆ. "ಬರ್ರಿ ಮೇಡಂ, ಪಿಕಪ್ ಐತಿ. ನಮಾಜಿನ ಹೊತ್ತಿನೊಳಗ ಹೊಳ್ಳಿ ಬರೂಣು," ಎಂದ.

ವಸ್ತಿಯ ಕಬ್ಬು ಕಟಾವಾಗಿ ಮನೆ ಬಯಲಿನಲ್ಲಿ ಒಂಟಿಯಾಗಿ ನಿಂತಂತೆ ಕಾಣುತ್ತಿತ್ತು. ಪ್ರಿಯದರ್ಶಿನಿ ಕೌದಿಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಮೊಣಕಾಲು ಎದೆಗೆ ಸೇದಿಕೊಂಡಿದ್ದವು. ಭಾಗ್ಯಾ ಪಕ್ಕದಲ್ಲಿ ಕೂತು ಮೆಲ್ಲಗೆ ಬಿಡಿಸಲು ನೋಡಿದಳು. ಎಣ್ಣೆ ಹಚ್ಚಿ ತೀಡಿದಳು, ಬಿಸಿಬಟ್ಟೆ ಇಟ್ಟಳು. ಮೊಣಕಾಲು ಸ್ವಲ್ಪವೂ ಸಡಿಲಲಿಲ್ಲ. ಹುಡುಗಿ ಬಾಯಿ ತೆರೆದು ಅಳತೊಡಗಿದಾಗ ಕೈ ತೆಗೆದಳು. ಕೂರಿಸಲು ಆಗುವಂತಿರಲಿಲ್ಲ. ಕೂರದ ಮೇಲೆ ಚಮಚದ ಮಾತೇ ಇರಲಿಲ್ಲ.

"ನಾ ದಿನಾ ತೀಡಿದೆನ್ರಿ," ಎಂದಳು ಸುನೀತಾ. "ಮೊದಮೊದಲ. ಆಮ್ಯಾಲ ಆಕಿ ಅಳೂದು ನೋಡಿ ಬಿಟ್ಟೆ."

"ನಿನ್ನ ತಪ್ಪಲ್ಲ, ತಂಗಿ."

"ಮತ್ತ ಯಾವಾಗ ಬರ್ತೀರಿ?"

ಭಾಗ್ಯಾ ಬಾಗಿಲಾಚೆ ಪಿಕಪ್ಪಿನ ನೆರಳಲ್ಲಿ ಕೂತಿದ್ದ ತಬ್ರೇಜನ ಕಡೆ ನೋಡಿದಳು. ಅವನು ಮುಂದಿನ ವಾರದಿಂದ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋಗುವವನಿದ್ದ, ದಾರಿಯಲ್ಲಿ ಹೇಳಿದ್ದ.

"ಗೊತ್ತಿಲ್ಲ ಸುನೀತಾ. ಬರ್ತೇನಿ ಅಂತ ಸುಳ್ಳ ಹೇಳಂಗಿಲ್ಲ."

ಸುನೀತಾ ತಲೆಯಾಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಮಗಳ ಕೆಳಗಿನ ಕೌದಿಯನ್ನು ಎಳೆದು ಸರಿಮಾಡಿ, ಬಿಸಿಲು ಸರಿದುಬಂದಿದ್ದ ಜಾಗದಿಂದ ಅವಳನ್ನು ಗೋಡೆಯ ಕಡೆಗೆ ಜರುಗಿಸಿದಳು. ಕಾಳಪ್ಪ ಹೊರಗೆ ಬರಲೇ ಇಲ್ಲ. ದನದ ಕೊಟ್ಟಿಗೆಯಲ್ಲಿ ಅವನು ಕೆಮ್ಮುವುದು ಮಾತ್ರ ಕೇಳಿಸಿತು.

ಭಾಗ್ಯಾ ಪಿಕಪ್ಪಿನ ಎತ್ತರದ ಮೆಟ್ಟಿಲಿಗೆ ಬಲಗಾಲು ಊರಿ, ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟು ಕೂತಳು. ತಬ್ರೇಜ ಗಾಡಿಯನ್ನು ಆಲಮೇಲದ ದಾರಿಗೆ ತಿರುಗಿಸಿದ.