ತಪ್ಪೊತ್ತಿದರೆ ತಲೆಯಾಡಿಸುವ ಪರದೆ

ಪಾಸ್‌ವರ್ಡ್ ತಪ್ಪಾಗಿರಬೇಕು, ಎದುರು ಕೂತ ಗುಮಾಸ್ತನ ಫೋನಿನಲ್ಲಿ ಆ ಪುಟ್ಟ ಚೌಕ ಎಡಕ್ಕೂ ಬಲಕ್ಕೂ ಪಟಪಟನೆ ತಲೆಯಾಡಿಸಿ ನಿಂತಿತು, ಊಹೂಂ, ಬೇಡ, ಬೇಡ — ಸಾಕ್ಷಿಕಟ್ಟೆಯಲ್ಲಿ ನಿಂತ ಅವಳ ಕುತ್ತಿಗೆ ತಾನಾಗಿ ಬಿಗಿಯಿತು, ಕಿತ್ತು ಗೋಡೆಗೆ ಅಪ್ಪಳಿಸಬೇಕು ಆ ಫೋನನ್ನು, ಹಾಳಾದ್ದು ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಹಲ್ಲಿನ ಡಾಕ್ಟರ ಕೋಣೆಯಲ್ಲಿ, ಎಲ್ಲಿ ಹೋದರೂ ಬೆನ್ನು ಬಿಡದು, ಊರಿಗೆಲ್ಲ ಅವಳ ತಲೆಯೇ ಆಟದ ಸಾಮಾನು. ಗಂಡನ ಲಾಯರು ಕೇಳುತ್ತಲೇ ಇದ್ದಾನೆ, ತಪ್ಪೊತ್ತಿದ್ರೆ ಪರದೆ ತಲೆಯಾಡಿಸೋ ಈ ವಿನ್ಯಾಸ ತಮ್ಮದು ಅಂತಾರೆ ಎದುರು ಕಂಪನಿಯವರು ಮೇಡಂ, ನಿಮ್ಮ ಯಜಮಾನರು ಅದಕ್ಕೂ ಮೊದಲೇ ಮನೇಲಿ ಮಾಡಿದ್ದನ್ನ ನೀವು ಕಣ್ಣಾರೆ ನೋಡಿದ್ದೀರಿ, ಅಲ್ವಾ? ನೋಡದೆ ಏನು, ಅವತ್ತು ಅವಳ ಕೂದಲು ಗಂಡನ ಎಡಗೈಯಲ್ಲಿತ್ತು, ಬೆನ್ನಿಗೆ ಅಡುಗೆಮನೆಯ ಗೋಡೆ, ಬಲಗೈ ಮೇಲೆದ್ದಿದೆ, ಉಂಗುರದ ಬಲಗೈ, ತುಟಿ ಒಡೆದು ಬಾಯಿ ತುಂಬ ರಕ್ತ, ಬೇಡ ಎನ್ನಲಾಗದೆ ತಲೆಯನ್ನಷ್ಟೇ ಆಡಿಸಿದಳು — ಕೈ ಗಾಳಿಯಲ್ಲೇ ನಿಂತಿತು. ಬದುಕಿದೆ ಅಂದುಕೊಂಡಳು, ಪೆದ್ದಿ. ಏ, ಈಗ ಮಾಡಿದ್ಯಲ್ಲ, ಅದನ್ನೇ ಇನ್ನೊಂದ್ಸಲ ಮಾಡು. ಮಾಡಿದಳು. ಹಂಗಲ್ಲ, ನಾಟಕ ಆಡ್ಬೇಡ. ಮತ್ತೆ ಮಾಡಿದಳು, ಬರಲಿಲ್ಲ, ಬೇಕೆಂದು ಆಡಿಸಿದರೆ ಎಲ್ಲಿಂದ ಬಂದೀತು ಅದು, ಆಗ ಲ್ಯಾಪ್‌ಟಾಪ್ ತಂದು ಒಲೆಯ ಪಕ್ಕ ತೆರೆದಿಟ್ಟ, ಒಂದು ಕಣ್ಣು ಅದರ ಮೇಲೆ, ಒಂದು ಕಣ್ಣು ಅವಳ ಮೇಲೆ, ಹೊಡೆದ, ಅವಳ ತಲೆಯಾಡಿದ ಹಾಗೇ ಪರದೆಯ ಚೌಕವೂ ಆಡುವಂತೆ ಗೆರೆ ತಿದ್ದಿದ, ಹೊಡೆದ, ಬಲಗೈ ಏಳುತ್ತದೆ, ಇಳಿಯುತ್ತದೆ, ಹಲ್ಲೊಂದು ಸಿಂಕಿಗೆ ಬಿತ್ತು, ಬಂತು ನೋಡು, ಬಂತು ಎಂದು ಮಗುವಿನ ಹಾಗೆ ಕುಣಿದ. ಇವತ್ತು ಬೆಳಿಗ್ಗೆ ಕೋರ್ಟಿಗೆ ಹೊರಟಾಗ ಅತ್ತೆ ಬಾಗಿಲಿನವರೆಗೂ ಬಂದಿದ್ದರು, ಗಂಡನಿಗೆ ಹೆಸರು ಬರೋ ಹೊತ್ತು ಕಣಮ್ಮ, ಹೂಂ ಅಂತ ಒಂದು ಮಾತು ಅಂದು ಬಂದ್ಬಿಡು. ಹೂಂ ಎಂದರೆ ಪೇಟೆಂಟು ಅವನದು, ಊಹೂಂ ಎಂದರೆ ಮನೆಗೆ ಹೋದಮೇಲೆ ಅದೇ ಗೋಡೆ, ಅದೇ ಬಲಗೈ, ನಾಲಿಗೆ ಹಲ್ಲು ಬಿದ್ದ ಜಾಗವನ್ನು ತಡವಿತು.

ಹೇಳಿ ಮೇಡಂ, ಇದನ್ನ ಮಾಡಿದ್ದು ಯಾರು? ನಾನು. ಯಾರ ದನಿ ಇದು, ತನ್ನದೇ, ನಾನೇ ಮಾಡಿದ್ದು, ನನ್ನ ತಲೆ, ನನ್ನ ಕತ್ತು, ಅವರು ನೋಡಿ ಬರಕೊಂಡ್ರು ಅಷ್ಟೆ — ಲಾಯರು ಕೆಮ್ಮಿದ, ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು, ಹೌದೇನಮ್ಮ, ಎಲ್ಲಿ, ಮಾಡಿ ತೋರಿಸ್ತೀರಾ? ಸುಮ್ನೆ ಮಾಡು ಅಂದ್ರೆ ಬರಲ್ಲ ಸ್ವಾಮಿ, ಅವರು ಎದ್ದು ಬಂದು ಹೊಡೀಬೇಕು. ಎಲ್ಲರ ಕಣ್ಣೂ ಲಾಯರ ಹಿಂದೆ ಕೂತ ಗಂಡನತ್ತ ತಿರುಗಿತು, ಮೇಜಿನ ಮೇಲೆ ಬಲಗೈ, ಉಂಗುರ, ಬಲಗೈ, ಮೆಲ್ಲಗೆ ಮೇಜಿನ ಕೆಳಗೆ ಜಾರಿಕೊಳ್ಳುತ್ತಿರುವ ಬಲಗೈ.