ಉದ್ದ ಹಾರನ್

"ತೆಗಿಯೇ ಅದನ್ನ, ಲೌಡಿ. ಅವತ್ತು ತೆಗೆದ್ಯಲ್ಲ, ಇವತ್ತೇನು ಕೈಗೆ ಲಕ್ವ ಹೊಡ್ದಿದ್ಯಾ?"

ಕಾರಿನ ಕಿಟಕಿಗೆ ಮೊಣಕೈ ಆನಿಸಿಕೊಂಡವನು ಹೀಗಂದಾಗ ಅವಳು ಕೆಂಪು ಬಾವುಟವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡಳು. ಪಕ್ಕದಲ್ಲಿದ್ದವನು ಫೋನು ಎತ್ತಿ ಅವಳ ಮುಖಕ್ಕೆ ಹಿಡಿದು, ಇವಳೇ ಕಣೋ ಅವಳು, ಕೋರ್ಟಲ್ಲಿ ನಾನೇ ತೆಗೆದೆ ಅಂದವಳು, ಎಂದು ನಕ್ಕ. ಸ್ವಲ್ಪ ಹೊತ್ತು ವಿಡಿಯೋ ಹಿಡಿದುಕೊಂಡರು. ಆಮೇಲೆ ಕಾರು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೋದರು. ಆ ರಸ್ತೆಯಲ್ಲಿ ಮುಂದೆ ಹೋಗುವ ಕೆಲಸವೇ ಅವರಿಗಿರಲಿಲ್ಲ. ತೀರ್ಪು ಬಂದು ಮೂರು ದಿನವಾಗಿತ್ತು. ಅವಳನ್ನು ನೋಡಿಕೊಂಡು ಹೋಗಲೆಂದೇ ಬಂದ ಕಾರುಗಳಲ್ಲಿ ಅದು ಎಷ್ಟನೆಯದೋ.

ಗ್ಯಾಂಗಿನಲ್ಲಿ ಎಲ್ಲರೂ ಅವಳನ್ನು ಬಾವುಟದಕ್ಕ ಎನ್ನುತ್ತಿದ್ದರು. ರಸ್ತೆ ರಿಪೇರಿ ನಡೆಯುವಾಗ ಒಂದು ತುದಿಯಲ್ಲಿ ನಿಂತು ಗಾಡಿಗಳನ್ನು ತಡೆಯುವುದು ಅವಳ ಕೆಲಸ. ರಸ್ತೆಗೆ ಎರಡು ತುದಿ, ಆದರೆ 'ರಸ್ತೆ ಮುಚ್ಚಿದೆ' ಎಂಬ ಬೋರ್ಡು ಇದ್ದದ್ದು ಒಂದೇ. ಅದು ಯಾವಾಗಲೂ ಇಂಜಿನಿಯರ್ ಸಾಹೇಬರ ಜೀಪು ಬರುವ ಕಡೆ ನಿಲ್ಲುತ್ತಿತ್ತು. ಇವಳ ಕಡೆ ಒಂದು ಖಾಲಿ ಡಾಂಬರಿನ ಡ್ರಮ್ಮು, ಮೂರು ಕಲ್ಲು, ಕೊರಳಿಗೊಂದು ಸೀಟಿ. ಬೋರ್ಡಿಲ್ಲದ ಕೊರತೆಯನ್ನು ಅವಳೇ ನಿಂತು ತುಂಬಬೇಕಿತ್ತು.

ತಲೆ ಎತ್ತದೆಯೇ ಅವಳು ಬಂದವರು ಯಾರೆಂದು ಹೇಳಬಲ್ಲವಳಾಗಿದ್ದಳು. ಎರಡು ಸಲ ಚಿಕ್ಕದಾಗಿ ಹಾರನ್ ಮಾಡಿದರೆ ದಾರಿ ಕೇಳುವವನು, ಅವನನ್ನು ಸುತ್ತುದಾರಿಗೆ ಕಳಿಸಬಹುದು. ಬೆರಳು ಎತ್ತದೆ ಉದ್ದಕ್ಕೆ ಒತ್ತಿದರೆ ದೊಡ್ಡವನು. ಕೆಲಸಕ್ಕೆ ಸೇರಿದ ವರ್ಷ ಈ ವ್ಯತ್ಯಾಸ ಗೊತ್ತಿಲ್ಲದೆ ಒಬ್ಬ ಉದ್ದ ಹಾರನ್ನಿನವನನ್ನು ನಿಲ್ಲಿಸಿಬಿಟ್ಟಿದ್ದಳು. ಆತ ಗುತ್ತಿಗೆದಾರರ ಬೀಗನಂತೆ. ಮೇಸ್ತ್ರಿ ಓಡಿ ಬಂದವನೇ ಎಲ್ಲರ ಎದುರಿಗೆ ಅವಳ ಸೆರಗಿನಿಂದಲೇ ಆ ಕಾರಿನ ಧೂಳು ಒರೆಸಿಸಿದ. ಮುಂದಿನದಾಯಿತು, ಎರಡೂ ಪಕ್ಕದ್ದಾಯಿತು, ಚಕ್ರ ಉಳಿದಿದೆ ಎಂದು ಕಾಲಿನಿಂದ ತೋರಿಸಿದ. ಅವಳು ಕುಕ್ಕರುಗಾಲಿನಲ್ಲಿ ಕೂತು ಚಕ್ರ ಒರೆಸುವಾಗ ಬಗ್ಗಿ ಹೇಳಿದ.

"ಉದ್ದ ಹಾರನ್ ಕೇಳಿಸ್ತೋ, ಡ್ರಮ್ ಉರುಳಿಸಿಬಿಡು. ಯಾರು ಏನು ಅಂತ ವಿಚಾರಿಸೋಕೆ ನೀನೇನು ಪೊಲೀಸಾ? ಉರುಳ್ಸು, ಸೀಟಿ ಊದು, ನಮ್ಮೋರು ಎದ್ದು ದಾರಿ ಬಿಡ್ತಾರೆ. ಅಷ್ಟೇ ನಿನ್ನ ಕೆಲಸ."

ಅಲ್ಲಿಂದ ಈಚೆಗೆ ಉದ್ದ ಹಾರನ್ ಬಿದ್ದರೆ ಅವಳ ಕೈ ಅವಳನ್ನು ಕೇಳದೆಯೇ ಡ್ರಮ್ಮಿನ ಮೇಲೆ ಹೋಗುತ್ತಿತ್ತು.

ನಮ್ಮವರು ಏಳುವುದು ಎಲ್ಲಿಂದ ಎಂದು ಕೇಳಿದರೆ, ರಸ್ತೆಯಿಂದ. ಮುಚ್ಚಿದ ರಸ್ತೆಯಲ್ಲಿ ಮಧ್ಯಾಹ್ನ ಉಂಡಾದ ಮೇಲೆ ಗ್ಯಾಂಗಿನವರು ಮರದ ನೆರಳು ಬಿದ್ದ ಕಡೆ ನಡುರಸ್ತೆಯಲ್ಲೇ ಮೈ ಚಾಚುತ್ತಿದ್ದರು. ಎರಡು ಬದಿಗೂ ಮುಳ್ಳು, ಚರಂಡಿ. ತೆರೆದ ರಸ್ತೆಯ ಪಕ್ಕ ಕೂತು ಉಂಡರೆ ತುತ್ತಿಗಿಂತ ಹೆಚ್ಚು ಧೂಳು ಬಾಯಿಗೆ ಬರುತ್ತದೆ. ತಾವು ಹಾಕಿದ ರಸ್ತೆ ತಮಗೂ ಸೇರಿದ್ದು ಅನ್ನಿಸುವ ಹೊತ್ತು ಅದೊಂದೇ. ಅದೇ ಗ್ಯಾಂಗಿನಲ್ಲಿದ್ದ ಅವಳ ತಂಗಿಯಂತೂ ಕೈಕಾಲು ಬಿಸಾಡಿಕೊಂಡು ಅಂಗಾತ ಮಲಗುವಳು. ಇದೇನು ನಿಮ್ಮಪ್ಪ ಹಾಕಿಸಿಕೊಟ್ಟ ಮಂಚವೇ ಎಂದು ರೋಲರ್ ಓಡಿಸುವ ತಾತ ರೇಗಿಸಿದರೆ, ಅಲ್ಲ ತಾತ, ನಾನೇ ಹಾಕಿದ್ದು, ಬೇಕಾದ್ರೆ ಜಲ್ಲಿ ಎಣಿಸಿ ನೋಡು, ಎನ್ನುವಳು.

ಎಂಟು ತಿಂಗಳ ಹಿಂದಿನ ಆ ಮಧ್ಯಾಹ್ನವೂ ಉದ್ದ ಹಾರನ್ ಬಿತ್ತು. ಬಾವುಟದಕ್ಕ ಡ್ರಮ್ಮು ಉರುಳಿಸಿ ಸೀಟಿ ಬಾಯಿಗಿಟ್ಟಳು. ಬೇರೆಯವರಾದರೆ ಗ್ಯಾಂಗಿನವರು ಏಳುವ ತನಕವಾದರೂ ನಿಧಾನಕ್ಕೆ ಬರುತ್ತಿದ್ದರು. ಈ ಕಾರಿನವನು ಕಿವಿಗೆ ಫೋನು ಹಿಡಿದುಕೊಂಡೇ ಒಮ್ಮೆಗೆ ನುಗ್ಗಿದ. ಏಳು ಜನ ಎದ್ದರು, ಎಂಟನೆಯವಳು ಮಗ್ಗುಲು ಬದಲಾಯಿಸುತ್ತಿದ್ದಳು. ಆಸ್ಪತ್ರೆಯಲ್ಲಿ ತಂಗಿಯ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು.

ಮುಚ್ಚಿದ ರಸ್ತೆಯಲ್ಲಿ ಗಾಡಿ ಓಡಿಸಿದ್ದಕ್ಕೂ ಕಾಲು ಮುರಿದದ್ದಕ್ಕೂ ಸೇರಿ ಪೊಲೀಸರು ಕೇಸು ಹಾಕಿದರು. ಡ್ರಮ್ಮನ್ನು ಸಾಕ್ಷಿಯೆಂದು ಹೊತ್ತುಕೊಂಡು ಹೋಗಿ, ಮೈಮೇಲೆ ಬಿಳಿ ಬಣ್ಣದಲ್ಲಿ ಒಂದು ನಂಬರು ಬರೆದು, ಸಾಕಾದ ಮೇಲೆ ಹಿಂದಕ್ಕೆ ಕೊಟ್ಟರು. ಗುತ್ತಿಗೆದಾರರು ಹೊಸ ಡ್ರಮ್ಮು ತರಲಿಲ್ಲ. ಅದೇ ನಂಬರಿನ ಡ್ರಮ್ಮು ಮತ್ತೆ ಅವಳ ಮುಂದೆ ಬಂದು ನಿಂತಿತು.

ಅವಳು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿದ್ದ ಹಿಂದಿನ ದಿನ ಮೇಸ್ತ್ರಿ ಮನೆತನಕ ಬಂದಿದ್ದ. ಕಾರಿನವನೇ ಡ್ರಮ್ಮಿಗೆ ಗುದ್ದಿಕೊಂಡು ಬಂದ ಅಂತ ಹೇಳು, ಎಲ್ಲರಿಗೂ ಒಳ್ಳೆಯದು, ನನ್ನ ಹೆಸರು ಮಾತ್ರ ಎತ್ತಬೇಡ ಎಂದ. ಅವನು ಹೋದ ಮೇಲೆ ಅಕ್ಕ ತಂಗಿ ಇಬ್ಬರೂ ಯೋಚನೆ ಮಾಡಿದರು. ಕಾರಿಗೂ ಒಂದು ಗೀರಿಲ್ಲ, ಡ್ರಮ್ಮಿಗೂ ಒಂದು ತಗ್ಗಿಲ್ಲ. ಸುಳ್ಳು ಹೇಳಿದರೆ ಮೊದಲನೇ ಪ್ರಶ್ನೆಗೇ ಸಿಕ್ಕಿಬೀಳುವುದು ಖಂಡಿತ. ಕೊನೆಗೆ ತಂಗಿಯೇ ತೀರ್ಮಾನ ಮಾಡಿದಳು.

"ಇದ್ದದ್ದು ಇದ್ದ ಹಾಗೆ ಹೇಳಿಬಿಡಕ್ಕ. ನಾನೇ ತೆಗೆದೆ ಅನ್ನು. ಅಷ್ಟು ಓದಿದೋರು ಕೂತಿರ್ತಾರೆ, ಯಾಕೆ ತೆಗೆದೆ ಅಂತ ಕೇಳೇ ಕೇಳ್ತಾರೆ. ಆಗ ಎಲ್ಲ ಹೇಳು."

ಅವರಿಬ್ಬರೂ ಮಾಡಿದ ತಪ್ಪು ಇದೊಂದೇ. ಕೇಳುತ್ತಾರೆ ಅಂದುಕೊಂಡಿದ್ದರು.

ಕೋರ್ಟಿನಲ್ಲಿ ಕಾರಿನವನ ಲಾಯರು ಬಹಳ ಮರ್ಯಾದೆಯವನು. ಅಮ್ಮಾ ಎಂದೇ ಮಾತಾಡಿಸಿದ.

"ಡ್ರಮ್ ಪಕ್ಕಕ್ಕೆ ಸರಿಸಿದ್ದು ಯಾರಮ್ಮಾ?"

"ನಾನೇ ಸ್ವಾಮಿ."

"ಯಾರಾದ್ರೂ ನಿಮ್ಮ ಕೈ ಹಿಡಿದು ಎಳೆದ್ರಾ?"

"ಇಲ್ಲ ಸ್ವಾಮಿ. ಉದ್ದ ಹಾರನ್ ಬಂದ್ರೆ..."

"ಕೇಳಿದ್ದಕ್ಕಷ್ಟೇ ಹೇಳಿ. ಇಲ್ಲ, ಅಂದ್ರಿ. ಸಾಕು."

ಇಲ್ಲ ಎಂಬುದನ್ನು ಟೈಪು ಮಾಡಿಕೊಂಡರು. ಅವಳು ಮುಂದಿನ ಪ್ರಶ್ನೆಗೆ ಕಾಯುತ್ತ ನಿಂತಳು. ಸರ್ಕಾರದ ಲಾಯರು ಮುಂದಿನ ಕೇಸಿನ ಫೈಲು ಹುಡುಕುತ್ತಿದ್ದ. ಬಾಗಿಲಲ್ಲಿ ಕೂಗುವವನು ಬಂದು, ಇಳಿಯಮ್ಮ, ಆಯ್ತು, ಎಂದಾಗ ಆಯಿತೇ ಎಂದು ಅವನನ್ನೇ ಕೇಳಿದಳು. ಅವನಿಗೆ ನಗು ಬಂತು.

ತಡೆಯಲು ನಿಂತವಳೇ ಸ್ವಂತ ಕೈಯಿಂದ ದಾರಿ ಬಿಟ್ಟಿರುವುದರಿಂದ ರಸ್ತೆ ಮುಚ್ಚಿತ್ತು ಎನ್ನಲಾಗದು, ಕಾರಿನವನದು ತಪ್ಪಿಲ್ಲ ಎಂದು ತೀರ್ಪಾಯಿತು. ರಸ್ತೆಯ ಮೇಲೆ ಮಲಗಿದ್ದು ಕೆಲಸಗಾರರ ಬೇಜವಾಬ್ದಾರಿ ಎಂದೂ ಸೇರಿಸಿದರು. ಹೊರಗೆ ಮೆಟ್ಟಿಲ ಮೇಲೆ ಕಾರಿನವನ ಕಡೆಯವರು ಚಪ್ಪಾಳೆ ತಟ್ಟಿದರು. ಸಂಬಂಧವೇ ಇಲ್ಲದ, ಬೇರೆ ಕೇಸಿಗೆ ಬಂದವರೂ ತಟ್ಟಿದರು. ಕಾರಿನವನು ಮೈಕುಗಳ ಮುಂದೆ ನಿಂತು, ನನಗೂ ಬೇಜಾರಿದೆ, ಆದರೆ ರಸ್ತೆ ಮಲಗೋಕಲ್ಲ ಎಂದ.

ಆ ಮಾತು ಊರೆಲ್ಲ ಓಡಾಡಿತು. ಎರಡೇ ದಿನದಲ್ಲಿ 'ರಸ್ತೆ ಮಲಗೋಕಲ್ಲ' ಎಂಬ ಸ್ಟಿಕ್ಕರು ಕಾರಿನ ಹಿಂದೆ, ವ್ಯಾನಿನ ಹಿಂದೆ, ಕೊನೆಗೆ ಅವಳು ದಿನಾ ಹತ್ತುವ ಬಸ್ಸಿನ ಗಾಜಿನ ಮೇಲೂ ಕೂತಿತು. ಟೀ ಅಂಗಡಿಯ ಬೆಂಚಿನ ಮೇಲೆ ಪೇಪರು ಬಿಡಿಸಿಕೊಂಡವರಿಗೆ ಅದೇ ಮಾತು. ತಿಂಗಳುಗಟ್ಟಲೆ ರಸ್ತೆ ಮುಚ್ಚಿಕೊಂಡು ಈ ಜನ ನಿದ್ದೆ ಹೊಡೆಯುತ್ತಾರೆ, ತೆರಿಗೆ ಕಟ್ಟುವ ನಾವು ಊರು ಸುತ್ತಬೇಕು ಎಂದು ಒಬ್ಬ. ಪಾಪ ಆ ಮನುಷ್ಯ ಎಂಟು ತಿಂಗಳು ಕೋರ್ಟಿಗೆ ಅಲೆದನಲ್ಲ ಎಂದು ಇನ್ನೊಬ್ಬ. ಬಸ್ಸಿನಲ್ಲಿ ಅವಳಿಗೆ ಜಾಗ ಬಿಟ್ಟುಕೊಟ್ಟ ಕನ್ನಡಕದ ಹೆಂಗಸು ಮಾತ್ರ ಕನಿಕರದವಳು. ಓದು ಬರಹ ಇಲ್ಲದವರು ಪಾಪ, ಕೈಬಿಸಿ ಮಾಡಿದ್ದಕ್ಕೆ ತೆಗೆದಿರುತ್ತಾಳೆ, ಬಡತನ ಏನು ಬೇಕಾದರೂ ಮಾಡಿಸುತ್ತೆ ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. ತಾನು ಜಾಗ ಕೊಟ್ಟದ್ದು ಯಾರಿಗೆಂದು ಅವಳಿಗೆ ಗೊತ್ತಿರಲಿಲ್ಲ. ಲೌಡಿ ಎಂದವನ ಮಾತು ಅಷ್ಟು ನೋಯಿಸಲಿಲ್ಲ. ಈ ಕನಿಕರ ತಡೆಯಲಾಗದೆ ಬಾವುಟದಕ್ಕ ಎದ್ದು ನಿಂತು ಉಳಿದ ದಾರಿಯೆಲ್ಲ ಕಂಬಿ ಹಿಡಿದುಕೊಂಡೇ ಹೋದಳು.

ಮನೆಯೆಂದರೆ ಒಂದೇ ಕೋಣೆ. ತಂಗಿ ಗೋಡೆಗೊರಗಿ ಕೂತು, ಮಡಿಸಿ ಪಿನ್ನು ಹಾಕಿದ ಲಂಗದ ತುದಿಯನ್ನು ನೇವರಿಸುತ್ತಿದ್ದಳು. ತೀರ್ಪಿನ ದಿನದಿಂದ ಅವಳು ಕೇಳುತ್ತಿದ್ದದ್ದು ಒಂದನ್ನೇ, ಅಂದೂ ಕೇಳಿದಳು.

"ಯಾಕೆ ತೆಗೆದೆ ಅಂತ ಯಾರೂ ಕೇಳಲೇ ಇಲ್ವಾ?"

"ಇಲ್ಲ ಕಣೇ."

"ಒಬ್ರೂ?"

"ಒಬ್ರೂ ಇಲ್ಲ."

ಅಕ್ಕ ಒಲೆ ಹೊತ್ತಿಸಿ ಬೆನ್ನು ಹಾಕಿಕೊಂಡಿದ್ದಳು.

"ಹಂಗಾದ್ರೆ ನಾನೇ ಕೇಳ್ತೀನಿ. ಯಾಕಕ್ಕ ತೆಗೆದೆ?"

ಎಂಟು ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದ ಉತ್ತರ. ಮೇಸ್ತ್ರಿ, ಸೆರಗು, ಬೀಗನ ಕಾರು, ಚಕ್ರ. ಎಲ್ಲ ಸಾಲಾಗಿ ಬಾಯಿಗೆ ಬಂದವು. ಆದರೆ ತಂಗಿಯ ಮುಂದೆ ಅದರಲ್ಲಿ ಒಂದನ್ನೂ ಹೇಳಲಾಗಲಿಲ್ಲ. ರಸ್ತೆಯಲ್ಲಿ ಜನ ಮಲಗಿದ್ದಾರೆಂದು ಗೊತ್ತಿದ್ದೂ ಅವತ್ತು ಕೈ ಹೋಗಿತ್ತು.

"ಅಭ್ಯಾಸ ಕಣೇ," ಎಂದಳು. ಆಮೇಲೆ ಒಲೆಯ ಮುಂದೆ ಕೂತು ಅತ್ತಳು. ತಂಗಿ ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ.

ಮರುದಿನ ಸಂಜೆ ರಸ್ತೆಯ ಮೋರಿಗೆ ಕಾಂಕ್ರೀಟು ಹಾಕಿ ಮುಗಿದಾಗ ಒಂದಷ್ಟು ಮಾಲು ಮಿಕ್ಕಿತು. ಮಿಕ್ಕಿದ್ದನ್ನು ಚರಂಡಿಗೆ ಸುರಿಯುವುದು ರೂಢಿ. ಮೇಸ್ತ್ರಿ ಬೈಕು ಹತ್ತಿ ಹೋಗಿದ್ದ. ಬಾವುಟದಕ್ಕ ಬಾಂಡ್ಲಿ ತುಂಬಿಕೊಂಡು ತನ್ನ ತುದಿಗೆ ನಡೆದು ಡ್ರಮ್ಮಿನೊಳಕ್ಕೆ ಸುರಿದಳು. ಮತ್ತೊಂದು ತಂದಳು. ಒಂದು ಕಡೆ ಇನ್ನೊಂದು ಮೋರಿಗೆಂದು ತೋಡಿದ ಗುಂಡಿ, ಇನ್ನೊಂದು ಕಡೆ ಜಲ್ಲಿಯ ರಾಶಿ, ನಡುವೆ ಒಂದೇ ಗಾಡಿ ಹಿಡಿಯುವಷ್ಟು ಜಾಗದಲ್ಲಿ ಆ ಡ್ರಮ್ಮು ನಿಂತಿತ್ತು. ಮೂರನೆಯ ಸಲ ಬರುವಾಗ ರೋಲರ್ ತಾತ ದಾರಿಯಲ್ಲಿ ಎದುರಾದ. ಏನು, ಯಾಕೆ ಅನ್ನಲಿಲ್ಲ. ಹೋಗಿ ತಾನೂ ಒಂದು ಬಾಂಡ್ಲಿ ಹೊತ್ತು ತಂದ. ಮಾಲು ಅಂಚಿನ ತನಕ ಬಂದಾಗ ಅವಳು ಅಂಗೈಯಿಂದ ಮೇಲ್ಭಾಗವನ್ನು ನುಣ್ಣಗೆ ಸವರಿ, ನಡುವೆ ಒಮ್ಮೆ ಅಂಗೈಯೂರಿದಳು.

ಮಾರನೆಯ ಮಧ್ಯಾಹ್ನ ಗ್ಯಾಂಗಿನವರು ಎಂದಿನಂತೆ ರೋಲರಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಉಣ್ಣುತ್ತಿದ್ದರು. ಅಪಘಾತವಾದಂದಿನಿಂದ ಯಾರೂ ರಸ್ತೆಯಲ್ಲಿ ಮಲಗಿರಲಿಲ್ಲ. ಉಣ್ಣುವಾಗಲೂ ಒಂದು ಕಣ್ಣು ಅವಳಿದ್ದ ತುದಿಯ ಮೇಲೆಯೇ.

ಹಾರನ್ ಬಿತ್ತು. ಉದ್ದನೆಯದು.

ಅವಳ ಕೈ ತನ್ನಷ್ಟಕ್ಕೆ ಡ್ರಮ್ಮಿನ ಮೇಲೆ ಹೋಯಿತು. ಕೈ ಹೋದದ್ದು ಕಂಡು ಅವಳಿಗೇ ನಾಚಿಕೆಯಾಯಿತು. ತಳ್ಳಿದಳು. ಭುಜ ಕೊಟ್ಟು ತಳ್ಳಿದಳು. ಡ್ರಮ್ಮು ಕದಲಲಿಲ್ಲ. ಹಾರನ್ ನಿಲ್ಲಲಿಲ್ಲ, ಹಿಂದೆ ಇನ್ನೆರಡು ಕಾರು ಬಂದು ಅವೂ ಸೇರಿಕೊಂಡವು. ಮೇಸ್ತ್ರಿ ಅನ್ನದ ಕೈಯಲ್ಲೇ ಓಡಿ ಬಂದ.

"ತೆಗಿಯೇ ಮುಂಡೆ. ಯಾರ ಗಾಡಿ ಗೊತ್ತಾ ಅದು?"

"ತೆಗೀತಾನೇ ಇದೀನಲ್ಲ. ನೀವೂ ಒಂದು ಕೈ ಹಾಕಿ."

ಹಾಕಿದ. ಆಮೇಲೆ ಬಗ್ಗಿ ನೋಡಿದ. ಅಂಚಿನ ತನಕ ಬೂದುಬಣ್ಣದ ಕಲ್ಲು, ಅದರ ನಡುವೆ ಒಂದು ಅಂಗೈಯ ಅಚ್ಚು, ಐದು ಬೆರಳು.

"ಯಾವ ಬೋಳಿಮಗ ಮಾಡಿದ್ದು ಇದನ್ನ?"

"ನಾನೇ ಸ್ವಾಮಿ," ಎಂದಳು. ಕೋರ್ಟಿನಲ್ಲಿ ಅಂದ ಹಾಗೆಯೇ ಬಂತು. ಅವನು ಅವಳ ಮುಖ ನೋಡಿದ. ಅವಳು ಕಾದಳು. "ಯಾಕೆ ಅಂತ ಕೇಳಿ ಮೇಸ್ತ್ರಿ."

ಅವನು ಕೇಳಲಿಲ್ಲ. ನೀನು ಇವತ್ತೇ ಜಾಗ ಖಾಲಿ ಮಾಡು ಎಂದು ಹೇಳಿ, ಕೈಮುಗಿದುಕೊಂಡು ಕಾರಿನ ಕಡೆ ಹೋದ. ಕಾರುಗಳ ಬಾಗಿಲು ತೆರೆದವು. ನಾಲ್ಕು ಜನ ಇಳಿದರು. ಒಬ್ಬ ಡಿಕ್ಕಿ ತೆಗೆದು ಜಾಕಿನ ರಾಡು ಹಿಡಿದುಕೊಂಡ. ಇನ್ನೊಬ್ಬ ಫೋನು ಎತ್ತಿ, ಅವಳೇ ಕಣ್ರೋ, ಎಂದ.

ಅವಳು ಹಿಂದಕ್ಕೆ ತಿರುಗಿ ನೋಡಿದಳು. ರೋಲರ್ ತಾತ ಕೈ ತೊಳೆದು, ಟವೆಲು ಕೊಡವಿ ನಡುರಸ್ತೆಯಲ್ಲಿ ಹಾಸಿಕೊಂಡು ಮಲಗುತ್ತಿದ್ದ. ಅವನ ಪಕ್ಕದಲ್ಲಿ ಇನ್ನೊಬ್ಬ. ಸ್ವಲ್ಪ ದೂರದಲ್ಲಿ ಜಲ್ಲಿ ಹೊರುವ ಇಬ್ಬರು ಹೆಂಗಸರು, ಹೆದರಿಕೊಂಡೇ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು.

ಸೀಟಿ ಅವಳ ಕೊರಳಲ್ಲಿತ್ತು. ಊದಿದರೆ ಅವರು ಏಳುತ್ತಾರೆ. ರಾಡು ಹಿಡಿದವನು ಜಲ್ಲಿಯ ರಾಶಿ ಹತ್ತಿ ಈಚೆ ಇಳಿಯುವುದು ಕಾಣುತ್ತಿತ್ತು. ಅವಳು ಸೀಟಿಯನ್ನು ಬಾಯಿಗೆ ತಂದಳು, ಹಲ್ಲಿನಲ್ಲಿ ಕಚ್ಚಿ ಹಿಡಿದಳು, ಊದಲಿಲ್ಲ.